ಬಂಗಿನ ಮುಖ, ಮಂಗಳೂರಿನ ಸೆಕೆ, ಒಂದು ಫೌಂಡೇಶನ್ ಟ್ಯೂಬ್

ನಾನು ಬಳಸುತ್ತಿರುವುದು ಮೇಬೆಲಿನ್ ಫಿಟ್ ಮಿ ಮ್ಯಾಟ್ ಪ್ಲಸ್ ಪೋರ್‌ಲೆಸ್ ಫೌಂಡೇಶನ್. 18 ಮಿ.ಲೀ. ಟ್ಯೂಬ್, 310 ಸನ್ ಬೇಜ್ ಶೇಡ್. ಮುಗಿದಾಗಲೆಲ್ಲ ಅದನ್ನೇ ಮತ್ತೆ ತರುತ್ತಾ ಎರಡು ವರ್ಷದ ಮೇಲಾಯಿತು. ನನ್ನದು ಎಣ್ಣೆ ಚರ್ಮ. ಎರಡೂ ಕೆನ್ನೆಯ ಮೇಲೆ ಬಂಗು ಇದೆ, ಬಾಯಿಯ ಸುತ್ತ ಸ್ವಲ್ಪ ಕಪ್ಪು. ಇರುವುದು ಮಂಗಳೂರಿನಲ್ಲಿ, ಇಡೀ ದಿನ ಕೌಂಟರ್‌ನಲ್ಲಿ ಜನರ ಎದುರು ಕೂರುವ ಕೆಲಸ. ಬೆಳ್ಳಗೆ ಕಾಣಬೇಕೆಂಬ ಆಸೆ ನನಗಿಲ್ಲ. ಕಲೆ ಎದ್ದು ಕಾಣದೆ, ಮುಖವೆಲ್ಲ ನನ್ನದೇ ಬಣ್ಣದಲ್ಲಿ ಒಂದೇ ಸಮ ಕಂಡರೆ ಸಾಕು. ಅಷ್ಟನ್ನು ಈ ಟ್ಯೂಬ್ ಚೆನ್ನಾಗಿ ಮಾಡುತ್ತದೆ.

ಎಲ್ಲಕ್ಕಿಂತ ಮುಖ್ಯ ಶೇಡ್. ನಮ್ಮ ಕಡೆ ಯಾವ ಅಂಗಡಿಗೆ ಹೋದರೂ "ಇದು ಹಾಕಿ ಮೇಡಂ, ಬ್ರೈಟ್ ಆಗಿ ಕಾಣ್ತೀರಿ" ಎಂದು ನಮ್ಮ ಬಣ್ಣಕ್ಕಿಂತ ಒಂದೆರಡು ಶೇಡ್ ತಿಳಿಯಾದದ್ದನ್ನೇ ಕೈಗೆ ಕೊಡುತ್ತಾರೆ. ಕೇಳಬೇಡಿ. ಫೌಂಡೇಶನ್‌ಗೆ ಬಣ್ಣ ಬರುವುದು ಕೆಂಪು, ಹಳದಿ, ಕಪ್ಪು ಐರನ್ ಆಕ್ಸೈಡ್‌ಗಳಿಂದ. ಬಿಳುಪು ಬರುವುದು ಟೈಟಾನಿಯಂ ಡೈಆಕ್ಸೈಡ್‌ನಿಂದ. ಶೇಡ್ ತಿಳಿಯಾದಷ್ಟೂ ಈ ಬಿಳಿ ಪುಡಿ ಜಾಸ್ತಿ. ಎಣ್ಣೆಗಪ್ಪು ಮುಖದ ಮೇಲೆ ಅದು ಬೂದು ಬೂದಾಗಿ ಕಾಣುತ್ತದೆ, ಕುತ್ತಿಗೆ ಬೇರೆ, ಮುಖ ಬೇರೆ ಆಗಿಬಿಡುತ್ತದೆ.

ಮುಂಗೈ ಮೇಲೆ ಹಚ್ಚಿ ನೋಡುವುದೂ ಪ್ರಯೋಜನವಿಲ್ಲ. ಕೈಯ ಬಣ್ಣ ಬೇರೆ, ಮುಖದ ಬಣ್ಣ ಬೇರೆ ಅಲ್ವಾ? ದವಡೆಯ ಅಂಚಿನಲ್ಲಿ, ಕುತ್ತಿಗೆ ಸೇರುವ ಕಡೆ ಮೂರು ಶೇಡ್‌ಗಳ ಸಣ್ಣ ಗೆರೆ ಎಳೆಯಿರಿ. ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬನ್ನಿ. ಹಗಲು ಬೆಳಕಿನಲ್ಲಿ ಯಾವ ಗೆರೆ ಚರ್ಮದೊಳಗೆ ಸೇರಿಹೋಗುತ್ತದೋ ಅದೇ ನಿಮ್ಮ ಶೇಡ್. ಆದರೆ ತಕ್ಷಣ ಕೊಳ್ಳಬೇಡಿ, ಒಂದು ಟೀ ಕುಡಿದು ಬನ್ನಿ. ದ್ರವ ಆರಿ, ಮುಖದ ಎಣ್ಣೆ ಸೇರಿದ ಮೇಲೆ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಇದಕ್ಕೆ ಮೊದಲು ನನ್ನ ಬಳಿ ಇದ್ದ ಬೇರೊಂದು ಕಂಪನಿಯ ಫೌಂಡೇಶನ್ ಮಧ್ಯಾಹ್ನದ ಹೊತ್ತಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಈ 310 ನನ್ನ ಮುಖದ ಮೇಲೆ ಹಾಗೆ ಆಗಿಲ್ಲ.

ಬಂಗು ಇರುವವರಿಗೆ ಒಂದು ಮಾತು ಒತ್ತಿ ಹೇಳುತ್ತೇನೆ. ಮೊದಲು ಸನ್‌ಸ್ಕ್ರೀನ್, ಆಮೇಲೆ ಉಳಿದದ್ದು. ಫೌಂಡೇಶನ್ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ ನಂಬರ್) ಎಂದು ಬರೆದಿದ್ದರೂ ಅದನ್ನು ನಂಬಿ ಬಿಸಿಲಿಗೆ ಹೋಗಬೇಡಿ. ಆ ನಂಬರ್ ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ ಹಚ್ಚಿ. ಅಷ್ಟು ದಪ್ಪಗೆ ಫೌಂಡೇಶನ್ ಯಾರೂ ಬಳಿದುಕೊಳ್ಳುವುದಿಲ್ಲ. ಬಂಗನ್ನು ಕೆರಳಿಸುವುದು ಯುವಿ ಕಿರಣ ಮಾತ್ರ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ. ಅದನ್ನು ತಡೆಯಲು ಐರನ್ ಆಕ್ಸೈಡ್ ನೆರವಾಗುತ್ತದೆ. ಚರ್ಮದ ಡಾಕ್ಟರುಗಳು ಬಂಗಿಗೆ ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ಹೇಳುವುದು ಇದಕ್ಕೇ. ನಾನೂ ಅದನ್ನೇ ಹಚ್ಚುತ್ತೇನೆ. ಅದು ಚೆನ್ನಾಗಿ ಕೂತ ಮೇಲೆ ಫೌಂಡೇಶನ್. ಅವಸರ ಮಾಡಿದರೆ ಎರಡೂ ಸೇರಿ ಉಂಡೆ ಉಂಡೆಯಾಗಿ ಕಿತ್ತು ಬರುತ್ತವೆ.

ಫೌಂಡೇಶನ್ ಬೇಕಾಗುವುದು ಕಡಲೆಕಾಳಿನಷ್ಟು. ಇಡೀ ಮುಖಕ್ಕೆ ಬೇಡವೇ ಬೇಡ. ಕೆನ್ನೆ, ಮೂಗಿನ ಪಕ್ಕ, ಬಾಯಿಯ ಸುತ್ತ ಇಟ್ಟು ಬೆರಳಿನಿಂದ ತಟ್ಟುತ್ತೇನೆ, ಉಳಿದದ್ದನ್ನು ಅಂಚಿಗೆ ಹರಡುತ್ತೇನೆ. ಉಜ್ಜಿದರೆ ಕಲೆಯ ಮೇಲಿದ್ದದ್ದೂ ಬಂದುಬಿಡುತ್ತದೆ. ಹಣೆಯ ಚರ್ಮ ಹೇಗಿದೆಯೋ ಹಾಗೇ ಬಿಡುತ್ತೇನೆ. ಮುಖ ಸಹಜವಾಗಿ ಕಾಣುವುದು ಹೀಗೆ ಬಿಟ್ಟ ಜಾಗಗಳಿಂದಲೇ. ಒದ್ದೆ ಸ್ಪಂಜ್‌ನಲ್ಲಿ ಇನ್ನೂ ನಯವಾಗಿ ಕೂರುತ್ತದೆ, ನಿಜ. ಆದರೆ ನಮ್ಮೂರಿನ ಜೂನ್, ಜುಲೈನಲ್ಲಿ ಸ್ಪಂಜ್ ಒಣಗುವುದೇ ಇಲ್ಲ, ಒಳಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲ ಮುಗಿಯುವ ತನಕ ಬೆರಳೇ ವಾಸಿ.

ಕಣ್ಣಿನ ಕೆಳಗಿನ ಕಪ್ಪಿಗೆ ಇದೊಂದೇ ಸಾಲದು. ಅಲ್ಲಿ ನೀಲಿ ಛಾಯೆ ಇರುತ್ತದೆ, ಮೇಲೆ ಚರ್ಮದ ಬಣ್ಣ ಹಚ್ಚಿದರೆ ಬೂದು ಕಾಣುತ್ತದೆ. ನೀಲಿಗೆ ಎದುರು ಬಣ್ಣ ಕಿತ್ತಳೆ. ಹಾಗಾಗಿ ಕಿತ್ತಳೆ ಛಾಯೆಯ ಕರೆಕ್ಟರ್ (ಕಪ್ಪಿನ ಛಾಯೆಯನ್ನು ಅಡಗಿಸುವ ಬಣ್ಣದ ಕ್ರೀಮ್) ಒಂದು ಚುಕ್ಕಿ ಕೆಳಗೆ, ಅದರ ಮೇಲೆ ತೆಳ್ಳಗೆ ಫೌಂಡೇಶನ್. ಬಾಯಿಯ ಸುತ್ತಲಿನ ಕಪ್ಪಿಗೂ ನಾನು ಹೀಗೇ ಮಾಡುತ್ತೇನೆ.

ಇನ್ನು ಸೆಕೆ. ಏಪ್ರಿಲ್, ಮೇ ತಿಂಗಳಲ್ಲಿ ಬಸ್ಸಿಳಿಯುವಷ್ಟರಲ್ಲಿ ಮೂಗಿನ ಮೇಲೆ ಬೆವರು ನಿಲ್ಲುತ್ತದೆ. ಯಾವ ಮೇಕಪ್ ಕೂಡ ಇಲ್ಲಿ ಇಡೀ ದಿನ ಹಾಗೇ ಉಳಿಯುವುದಿಲ್ಲ. ಮೂಗು, ಗಲ್ಲದ ಮೇಲೆ ಮಾತ್ರ ಲೂಸ್ ಪೌಡರ್ ಒತ್ತುತ್ತೇನೆ. ಬೆವರಿದಾಗ ಕಾಂಪ್ಯಾಕ್ಟ್ (ಡಬ್ಬಿಯಲ್ಲಿ ಒತ್ತಿ ಗಟ್ಟಿ ಮಾಡಿದ ಪೌಡರ್) ಬಳಿಯುವುದಿಲ್ಲ, ಟಿಶ್ಯೂ ಒತ್ತಿ ತೆಗೆಯುತ್ತೇನೆ. ಬೆವರಿನ ಮೇಲೆ ಪೌಡರ್ ಹಾಕಿದರೆ ಪದರ ಕಟ್ಟುತ್ತದೆ. ಸ್ಟಿಕರ್ ಬಿಂದಿ ಇಡುವವರು ಹುಬ್ಬಿನ ನಡುವಿನ ಜಾಗವನ್ನು ಒರೆಸಿಕೊಳ್ಳಿ. ಕ್ರೀಮಿನ ಜಿಡ್ಡಿದ್ದರೆ ಬಿಂದಿ ನಿಲ್ಲುವುದಿಲ್ಲ.

ಮದುವೆ ಮನೆಗೆ ಹೋಗುವಾಗ ಸಿಲಿಕಾ ಜಾಸ್ತಿ ಇರುವ ಬಿಳಿ ಪೌಡರ್ ಬೇಡ. ಕನ್ನಡಿಯಲ್ಲಿ ಗೊತ್ತಾಗುವುದಿಲ್ಲ, ಫ್ಲ್ಯಾಶ್ ಬಿದ್ದ ಫೋಟೋದಲ್ಲಿ ಕಣ್ಣಿನ ಕೆಳಗೆ ಬೆಳ್ಳಗೆ ಹೊಳೆಯುತ್ತದೆ. ಹೊರಡುವ ಮುಂಚೆ ಫೋನ್‌ನಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದು ನೋಡಿ.

ಒಣ ಚರ್ಮದವರಿಗೆ ನಾನು ಇದನ್ನು ಹೇಳುವುದಿಲ್ಲ. ಇದು ಸಾಧಾರಣ ಮತ್ತು ಎಣ್ಣೆ ಚರ್ಮಕ್ಕೆಂದೇ ಮಾಡಿದ ಮ್ಯಾಟ್, ಅಂದರೆ ಹೊಳಪಿಲ್ಲದ ಫೌಂಡೇಶನ್. ಚಳಿಗಾಲದ ಬೀದರ್, ಕಲಬುರಗಿಯ ಒಣ ಗಾಳಿಯಲ್ಲಿ ಸಿಪ್ಪೆ ಏಳುವ ಚರ್ಮಕ್ಕೆ ಮ್ಯಾಟ್ ಹಚ್ಚಿದರೆ ಬಿರುಕು ಇನ್ನೂ ಎದ್ದು ಕಾಣುತ್ತದೆ. ಅಂಥವರು ಮಾಯಿಶ್ಚರೈಸರ್ ಗುಣ ಇರುವುದನ್ನೇ ಹುಡುಕಿ. ಮೊದಲ ಸಲ ಕೊಳ್ಳುವವರು 30 ಮಿ.ಲೀ. ಬಾಟಲಿಗೆ ಹೋಗದೆ ಸಣ್ಣ ಟ್ಯೂಬ್ ತನ್ನಿ. ಪ್ಯಾಕ್ ಮೇಲೆ ಮುಚ್ಚಳ ತೆರೆದ ಡಬ್ಬಿಯ ಚಿತ್ರದಲ್ಲಿ 12ಎಂ ಎಂದಿದ್ದರೆ, ತೆರೆದ ಮೇಲೆ 12 ತಿಂಗಳು ಎಂದರ್ಥ. ದಿನವೂ ಹಚ್ಚದವರಿಗೆ ಅಷ್ಟರಲ್ಲಿ ಟ್ಯೂಬ್ ಮುಗಿಸುವುದೇ ಕಷ್ಟ, ಸುಮ್ನೆ ದೊಡ್ಡದಕ್ಕೆ ದುಡ್ಡು ಹಾಕಬೇಡಿ.