ಅಪ್ಪರ್ ಸರ್ಕ್ಯೂಟ್‌ನಲ್ಲಿ ಷೇರು ಸಿಕ್ಕಿತು ಅಂತ ಮಿರ್ಚಿ ಕೊಡಿಸಿದ್ದೆ

ಒಂದು ಸಣ್ಣ ಕಂಪನಿಯ ಷೇರಿನಲ್ಲಿ ನಾನು 1,62,800 ರೂಪಾಯಿ ಕಳೆದುಕೊಂಡೆ. ಕಂಪನಿಯ ಹೆಸರು ಬರೆಯುವುದಿಲ್ಲ. ಅದನ್ನು ತಿಳಿದು ನಿಮಗೆ ಉಪಯೋಗವೂ ಇಲ್ಲ, ಮುಂದಿನ ಸಲ ಬೇರೆ ಹೆಸರಿನಲ್ಲಿ ಬರುತ್ತದೆ. ಸಿಕ್ಕಿಬಿದ್ದ ಬಗೆ ಹೇಳುತ್ತೇನೆ.

ಚನ್ನಗಿರಿಯ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಚೀಟಿ ಎತ್ತಿದ ಮೂರು ಲಕ್ಷ ಬ್ಯಾಂಕಿನಲ್ಲಿತ್ತು. ಎಫ್‌ಡಿ ಮಾಡಬೇಕು ಅಂತಿದ್ದೆ. ಅಷ್ಟರಲ್ಲಿ ನನ್ನ ಷಡ್ಡಕರು ಒಂದು ವಾಟ್ಸಾಪ್ ಗುಂಪಿಗೆ ಸೇರಿಸಿದರು. ಅಲ್ಲಿ ಬೆಳಗಾದರೆ ಒಂದೇ ಷೇರಿನ ಮಾತು. 42ರ ಆಸುಪಾಸಿನಲ್ಲಿ ಇದ್ದದ್ದು ದಿನಕ್ಕೆ ಶೇ 5ರಂತೆ ಏರುತ್ತಿತ್ತು. ಆ ಷೇರಿಗೆ ದಿನಕ್ಕೆ ಅಷ್ಟೇ ಮಿತಿ. ಅದನ್ನು ಮುಟ್ಟಿದರೆ ಅಪ್ಪರ್ ಸರ್ಕ್ಯೂಟ್, ಅವತ್ತು ಅದಕ್ಕಿಂತ ಮೇಲೆ ಹೋಗುವಂತಿಲ್ಲ.

‘ಇದು ಮುಂದಿನ ಇನ್ಫೋಸಿಸ್’ ಅಂತ ಒಬ್ಬರು ಬರೆದರು. ನಮ್ಮ ಕಡೆ ಈ ಮಾತಿಗೆ ಸೋಲದವರು ಯಾರು? 1993ರಲ್ಲಿ ಇನ್ಫೋಸಿಸ್ ಷೇರು 95 ರೂಪಾಯಿಗೆ ಬಂದಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ, ತೆಗೆದುಕೊಂಡವರು ಕೋಟ್ಯಧಿಪತಿಗಳಾದರು ಅನ್ನುವ ಕತೆ ಎಲ್ಲರಿಗೂ ಬಾಯಿಪಾಠ. ಅದೇ ಕಾಲದಲ್ಲಿ ಜನರಿಂದ ದುಡ್ಡೆತ್ತಿ, ಕಚೇರಿಗೆ ಬೀಗ ಹಾಕಿ ಕಾಣೆಯಾದ ಕಂಪನಿಗಳೂ ಇದ್ದವು. ಸರ್ಕಾರವೇ ಅವಕ್ಕೆ ‘ವ್ಯಾನಿಶಿಂಗ್ ಕಂಪನಿ’ ಅಂತ ಹೆಸರಿಟ್ಟು ಪಟ್ಟಿ ಮಾಡಿತ್ತು. ಆ ಪಟ್ಟಿಯ ಕತೆಯನ್ನು ಮದುವೆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ನಾನು ಕಣ್ಣುಮುಚ್ಚಿ ಧುಮುಕಿದವನಲ್ಲ. ಅದೇ ಈಗ ಜಾಸ್ತಿ ಹೊಟ್ಟೆ ಉರಿಸುವ ಸಂಗತಿ. ಲೆಕ್ಕದವನು ಅಲ್ವಾ, ಹಾಳೆ ಮೇಲೆ ಲೆಕ್ಕ ಹಾಕಿದ್ದೆ. 68ಕ್ಕೆ 4,400 ಷೇರು. ಗುಂಪಿನವರು ಹೇಳಿದ ಗುರಿ 150. ಮುಟ್ಟಿದರೆ 3,60,800 ಲಾಭ. ಬಿದ್ದರೆ 62ಕ್ಕೆ ಮಾರಿ ಹೊರಬರುವುದು, ನಷ್ಟ 26,400. ಒಂದು ರೂಪಾಯಿ ಅಪಾಯಕ್ಕೆ ಹದಿಮೂರು ರೂಪಾಯಿಗೂ ಹೆಚ್ಚು ಲಾಭ! ಇದನ್ನು ಬಿಡುವವನೇ ದಡ್ಡ ಅನ್ನಿಸಿತು.

ನಾಲ್ಕು ದಿನ ಬೆಳಗ್ಗೆ ಒಂಬತ್ತಕ್ಕೇ ಆರ್ಡರ್ ಹಾಕಿದೆ. ಸಿಗಲಿಲ್ಲ. ಕೊಳ್ಳುವವರ ಸಾಲು ಲಕ್ಷಗಟ್ಟಲೆ, ಮಾರುವವರ ಕಡೆ ಸೊನ್ನೆ. ಐದನೆಯ ದಿನ ಸ್ವಲ್ಪ ಹೊತ್ತಿನಲ್ಲೇ 4,400ಕ್ಕೆ 4,400 ಸಿಕ್ಕಿಬಿಟ್ಟವು. ಆರ್ಡರ್ ಹಾಕುವಾಗ ಆ್ಯಪ್ ಒಂದು ಎಚ್ಚರಿಕೆ ತೋರಿಸಿತ್ತು: ಈ ಷೇರು ಎಕ್ಸ್‌ಚೇಂಜ್‌ನ ಎಎಸ್‌ಎಂ ನಿಗಾ ಪಟ್ಟಿಯಲ್ಲಿದೆ ಅಂತ. ಅಸಹಜವಾಗಿ ಏರಿಳಿಯುವ ಷೇರುಗಳ ಪಟ್ಟಿ ಅದು. ಮೊಬೈಲ್‌ನಲ್ಲಿ ಬರುವ ಇಂಥವನ್ನೆಲ್ಲ ಒತ್ತಿ ಮುಂದೆ ಹೋಗುವ ಅಭ್ಯಾಸ. ಒತ್ತಿದೆ. ಸಂಜೆ ಮಂಡಿಯವರಿಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದೆ.

ನಾಲ್ಕು ದಿನ ಯಾರೂ ಕೊಡದ ಷೇರನ್ನು ಐದನೆಯ ದಿನ ಅಷ್ಟು ಧಾರಾಳವಾಗಿ ಕೊಟ್ಟವರು ಯಾರು? ನಾಳೆ ಇನ್ನೂ ಶೇ 5 ಏರುವುದು ಖಾತ್ರಿ ಅಂದುಕೊಂಡವನು ಇವತ್ತು ಯಾಕೆ ಮಾರುತ್ತಾನೆ? ಈ ಪ್ರಶ್ನೆ ಅವತ್ತು ತಲೆಗೆ ಹೊಳೆಯಲಿಲ್ಲ.

ಇನ್ನೆರಡು ದಿನ ಏರಿತು, 74.97ಕ್ಕೆ. ಎರಡೇ ದಿನದಲ್ಲಿ ಮೂವತ್ತು ಸಾವಿರ ಲಾಭ. ಮೂರನೆಯ ದಿನ ಶೇ 5 ಕೆಳಗೆ, ಲೋವರ್ ಸರ್ಕ್ಯೂಟ್. ‘ಭಯ ಬೇಡ, ಪುಕ್ಕಲರನ್ನು ಉದುರಿಸುತ್ತಿದ್ದಾರೆ, ಹೋಲ್ಡ್ ಮಾಡಿ’ ಅಂತ ಗುಂಪಿನ ಅಡ್ಮಿನ್ ಬರೆದ. ಹಿಡಿದುಕೊಂಡೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಬೀಳತೊಡಗಿದ ನಾಲ್ಕನೆಯ ದಿನ ಬೆಲೆ 61.07. ಬೆಲೆ 62ಕ್ಕೆ ಇಳಿದರೆ ತಾನಾಗಿ ಮಾರುವ ಆರ್ಡರ್ ಕಳಿಸಲಿ ಅಂತ ಮೊದಲೇ ಹಾಕಿಟ್ಟಿದ್ದ ಜಿಟಿಟಿ ಸ್ಟಾಪ್‌ಲಾಸ್ ತನ್ನ ಕೆಲಸ ಮಾಡಿತು, ಮಾರುವ ಆರ್ಡರ್ ಹೋಯಿತು. ಕೊಳ್ಳುವವರ ಕಡೆ ಸೊನ್ನೆ. ಮಾರುವವರ ಸಾಲಿನಲ್ಲಿ ನನ್ನ ಮುಂದೆ ಲಕ್ಷಗಟ್ಟಲೆ ಷೇರು.

ಸ್ಟಾಪ್‌ಲಾಸ್ ಅಂದರೆ 62ಕ್ಕೆ ಯಾರೋ ಕೊಂಡೇ ಕೊಳ್ಳುತ್ತಾರೆ ಅನ್ನುವ ಕರಾರು ಅಂದುಕೊಂಡಿದ್ದೆ. ಅದು ಬರೀ ಒಂದು ಆರ್ಡರ್. ಕೊಳ್ಳುವವನಿಲ್ಲದಿದ್ದರೆ ಸಾಲಿನಲ್ಲಿ ನಿಲ್ಲುತ್ತದೆ, ಸಂಜೆಗೆ ರದ್ದಾಗುತ್ತದೆ. ಮರುದಿನ ಮತ್ತೆ ಹಾಕಬೇಕು, ಮತ್ತೆ ಸಾಲಿನ ಕೊನೆ.

ಮಂಡಿಯಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ರಾಶಿ ಇಡಿ ಅಡಿಕೆಯ ರೇಟು ಎಷ್ಟೇ ಇರಲಿ, ಟೆಂಡರ್‌ನಲ್ಲಿ ಲಾಟ್ ಎತ್ತುವ ವ್ಯಾಪಾರಿ ಬರದಿದ್ದರೆ ಚೀಲ ಮನೆಗೆ ವಾಪಸ್ ಹೋಗುತ್ತದೆ. ರೈತರಿಗೆ ದಿನಾ ಇದನ್ನೇ ಹೇಳುವವನು ನಾನು. ನನ್ನ ದುಡ್ಡಿನ ವಿಷಯದಲ್ಲಿ ಮಾತ್ರ ನೆನಪಾಗಲಿಲ್ಲ.

ಒಟ್ಟು ಹದಿನೇಳು ಲೋವರ್ ಸರ್ಕ್ಯೂಟ್. ದಿನಕ್ಕೆ ಐದೇ ಪರ್ಸೆಂಟ್ ಅಂತ ಕೇಳಲು ಸಣ್ಣದಾಗಿದೆ. ಹತ್ತು ದಿನ ಹೀಗೆ ಬಿದ್ದರೆ ನೂರು ರೂಪಾಯಿ ಅರವತ್ತಕ್ಕೆ ಇಳಿಯುತ್ತದೆ. ಹದಿನೆಂಟನೆಯ ದಿನ ಕೊಳ್ಳುವವರು ಕಂಡರು, 31ಕ್ಕೆ ಮಾರಿದೆ. ಕೈಗೆ ಬಂದದ್ದು 1,36,400. ಇದು ಮತ್ತೆ ಮೂರು ಲಕ್ಷದ ಹತ್ತಿರ ಹೋಗಬೇಕಾದರೆ ದುಪ್ಪಟ್ಟಿಗಿಂತ ಜಾಸ್ತಿ ಆಗಬೇಕು. ವರ್ಷಕ್ಕೆ ಶೇ 12 ಸಿಕ್ಕರೂ ಏಳು ವರ್ಷ ಬೇಕು. ಒಂದೇ ಸಮಾಧಾನ: ರಿಟರ್ನ್ಸ್ ಅನ್ನು ಸಮಯಕ್ಕೆ ಸರಿಯಾಗಿ ಸಲ್ಲಿಸಿದ್ದೇನೆ. ಹಾಗಾಗಿ ಈ ನಷ್ಟವನ್ನು ಮುಂದಿನ ಎಂಟು ವರ್ಷದ ಷೇರು ಲಾಭದಲ್ಲಿ ಕಳೆದುಕೊಳ್ಳಬಹುದು. ಲಾಭ ಬಂದರೆ ತಾನೇ!

ಆಮೇಲೆ ಕುಳಿತು ಹಳೆಯ ಅಂಕಿಗಳನ್ನು ತೆಗೆದು ನೋಡಿದೆ. ಬೆಲೆ ಏರುವ ಮೊದಲು ಈ ಷೇರಿನಲ್ಲಿ ದಿನಕ್ಕೆ ನಡೆಯುತ್ತಿದ್ದ ವ್ಯಾಪಾರ ಎರಡು, ಮೂರು ಸಾವಿರ ಷೇರು. ನನ್ನ ಒಬ್ಬನ ಹತ್ತಿರವೇ 4,400 ಇತ್ತು. ಅಂದರೆ ಮಾಮೂಲಿ ದಿನಗಳಲ್ಲಿ ಇಡೀ ಮಾರುಕಟ್ಟೆ ನನ್ನೊಬ್ಬನಿಂದ ಕೊಂಡರೂ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಈ ಅಂಕಿ ಎಕ್ಸ್‌ಚೇಂಜ್‌ನ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಎರಡು ನಿಮಿಷದ ಕೆಲಸ. ನೀವು ಬೇರೇನನ್ನೂ ನೋಡದಿದ್ದರೂ ಇದೊಂದನ್ನು ನೋಡಿ. ಅದೂ ಏರಿಕೆ ಶುರುವಾದ ಮೇಲಿನದಲ್ಲ, ಆರು ತಿಂಗಳ ಹಿಂದಿನದು. ಪ್ರವರ್ತಕರ, ಅಂದರೆ ಕಂಪನಿ ನಡೆಸುವ ಮಾಲೀಕರ ಪಾಲು ಮೂರು ತಿಂಗಳಿಗೊಮ್ಮೆ ಪ್ರಕಟವಾಗುತ್ತದೆ, ಅದು ಇಳಿಯುತ್ತಿದ್ದರೆ ಯಾಕೆ ಅಂತ ಕೇಳಿಕೊಳ್ಳಿ.

ಗುಂಪಿನ ಅಡ್ಮಿನ್ ತಾನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿತ ಅಂತ ಹೇಳಿಕೊಂಡಿದ್ದ. ಷೇರು ಶಿಫಾರಸು ಮಾಡುವ ರಿಸರ್ಚ್ ಅನಲಿಸ್ಟ್‌ಗಳ ನೋಂದಣಿ ಸಂಖ್ಯೆ ಐಎನ್‌ಎಚ್ ಅಂತ ಶುರುವಾಗುತ್ತದೆ, ಸೆಬಿ ವೆಬ್‌ಸೈಟ್‌ನಲ್ಲಿ ಹುಡುಕಬಹುದು. ಅವನು ಕೊಟ್ಟ ಸಂಖ್ಯೆ ಹಾಕಿದೆ, ಬೇರೆ ಯಾರದೋ ಹೆಸರು ಬಂತು. ಈ ಆಟ ಹೊಸದೇನಲ್ಲ. 2023ರ ಮಾರ್ಚ್‌ನಲ್ಲಿ ಸೆಬಿ ಒಂದು ಆದೇಶ ಹೊರಡಿಸಿತ್ತು. ಯೂಟ್ಯೂಬ್‌ನಲ್ಲಿ ಸುಳ್ಳು ಸುದ್ದಿಯ ವಿಡಿಯೊ ಬಿಟ್ಟು, ಸಾಧನಾ ಬ್ರಾಡ್‌ಕಾಸ್ಟ್ ಅನ್ನುವ ಕಂಪನಿಯ ಷೇರಿನ ಬೆಲೆ ಏರಿಸಿ, ಮೇಲಿನ ಬೆಲೆಯಲ್ಲಿ ಸಣ್ಣವರ ತಲೆಗೆ ಕಟ್ಟಿದರು ಅನ್ನುವ ಪ್ರಕರಣ ಅದು. ಪತ್ರಿಕೆಯಲ್ಲಿ ಓದಿದ್ದೆ ಕೂಡ. ಓದಿ, ಯಾರಪ್ಪಾ ಇದಕ್ಕೆಲ್ಲ ಬೀಳುವವರು ಅಂತ ನಕ್ಕಿದ್ದೆ.

ಷಡ್ಡಕರ ಮೇಲೆ ಸಿಟ್ಟಿಲ್ಲ, ಅವರದ್ದೂ ಎಂಬತ್ತು ಸಾವಿರ ಹೋಗಿದೆ. ಹೋದ ಭಾನುವಾರ ಅವರಿಂದ ಒಂದು ಫಾರ್ವರ್ಡ್ ಬಂತು. ಹೊಸ ಷೇರು, ಈಗ 23 ರೂಪಾಯಿ, ಗುರಿ 60. ಆರು ತಿಂಗಳ ಹಿಂದಿನ ವ್ಯಾಪಾರ ತೆಗೆದು ನೋಡಿದೆ, ದಿನಕ್ಕೆ 1,900 ಷೇರು. ‘ನೀವು ಎಷ್ಟು ತಗೊಳ್ತೀರಿ?’ ಅಂತ ಕೇಳಿದೆ. ‘ಐದು ಸಾವಿರ’ ಅಂದರು. ಆ 1,900ರ ಸ್ಕ್ರೀನ್‌ಶಾಟ್ ಕಳಿಸಿದೆ. ನೀಲಿ ಟಿಕ್ ಬಂದಿದೆ, ಉತ್ತರ ಇನ್ನೂ ಬಂದಿಲ್ಲ.