ಫುಕೆಟ್‌ನಲ್ಲಿ ಎರಡು ತಿಂಗಳು, ಚಿಯಾಂಗ್ ಮಾಯ್‌ನಲ್ಲಿ ನಾಲ್ಕು: ಮುಯೆ ಥಾಯ್ ಕಲಿಯಲು ಯಾವುದು ವಾಸಿ?

ಒದೆತವೂ ಸೇರಿದ ಥಾಯ್ ಬಾಕ್ಸಿಂಗ್ ಆದ ಮುಯೆ ಥಾಯ್ ಕಲಿಯಲು ಥಾಯ್ಲೆಂಡ್‌ಗೆ ಹೋಗುವವರು ಮೊದಲು ಕೇಳುವುದು ತಿಂಗಳ ಫೀಸ್. ನಾನೂ ಅದನ್ನೇ ಕೇಳಿದ್ದೆ. ಆದರೆ ನನ್ನ ದುಡ್ಡು ದಂಡವಾಗಿದ್ದು ಅಭ್ಯಾಸ ಮಾಡಲಾಗದ ದಿನಗಳಿಗೆ.

ಸೆಪ್ಟೆಂಬರ್, ಅಕ್ಟೋಬರ್ ದಕ್ಷಿಣದ ಫುಕೆಟ್ ದ್ವೀಪದ ಚಾಲೊಂಗ್‌ನಲ್ಲಿದ್ದೆ. ಅಲ್ಲಿನ ಸೋಯ್ ತಾ-ಇಯದ್ ಬೀದಿಯ ಉದ್ದಕ್ಕೂ ಜಿಮ್‌ಗಳೇ. ಫೀಸ್ 14,000 ಬಾತ್ (ಥಾಯ್ ಹಣ), ರೂಮಿಗೆ 15,000, ಊಟಕ್ಕೆ 9,000, ಬಾಡಿಗೆ ಸ್ಕೂಟರ್‌ಗೆ 3,500. ಬಾತ್‌ಗೆ ಎರಡೂವರೆ ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಲಕ್ಷ ದಾಟಿತು. ಎರಡು ತಿಂಗಳ ಫೀಸ್ ಒಟ್ಟಿಗೆ ಕಟ್ಟಿದ್ದು ತಪ್ಪಾಯಿತು. ಮೂರನೇ ವಾರ ಮೊಣಕಾಲಿನ ಕೆಳಗೆ ಮೂಳೆ ಊದಿಕೊಂಡು ಹತ್ತು ದಿನ ಕೂತೆ. ಹಣ ವಾಪಸ್ ಬರಲಿಲ್ಲ, ದಿನಗಳನ್ನು ಮುಂದಕ್ಕೂ ಹಾಕಿಕೊಡಲಿಲ್ಲ.

ನವೆಂಬರ್‌ನಿಂದ ಉತ್ತರದ ಚಿಯಾಂಗ್ ಮಾಯ್. ಫೀಸ್ 9,000, ರೂಮು 6,500, ಊಟ 6,500, ಓಡಾಟಕ್ಕೆ ಕೆಂಪು ಸಾಂಗ್‌ಥೇವ್ (ಹಿಂದೆ ಎರಡು ಬೆಂಚಿರುವ ಶೇರ್ ಗಾಡಿ), ಅದಕ್ಕೆ ಸಾವಿರ. ತಿಂಗಳಿಗೆ ಒಟ್ಟು 57,500 ರೂಪಾಯಿ. ಇಲ್ಲಿ ಮೊದಲು ಒಂದೇ ವಾರದ ಫೀಸ್ ಕೊಟ್ಟೆ. ನೋಡಿ, ಇಷ್ಟವಾದ ಮೇಲೆ ತಿಂಗಳಿನದು ಕಟ್ಟಿದೆ.

ಕಲಿಕೆಯ ವ್ಯತ್ಯಾಸ ಇನ್ನೂ ದೊಡ್ಡದು. ಫುಕೆಟ್‌ನ ಜಿಮ್‌ನಲ್ಲಿ ಒಂದು ಹೊತ್ತಿಗೆ ಮೂವತ್ತು ಜನ. ಕಲಿಸುವವರು ಕೈಗೆ ಕಟ್ಟಿಕೊಳ್ಳುವ ಪ್ಯಾಡ್ ಮೇಲೆ ಹೊಡೆಯಲು ಮೂರು ರೌಂಡ್ ಸಿಕ್ಕರೆ ಪುಣ್ಯ. ಮೈ ಮಾತ್ರ ಚೆನ್ನಾಗಿ ಗಟ್ಟಿಯಾಯಿತು, ಅದು ನಿಜ. ಚಿಯಾಂಗ್ ಮಾಯ್‌ನಲ್ಲಿ ನಾವು ಎಂಟೇ ಜನ. ದಿನವೂ ಐದು ರೌಂಡ್, ಸಂಜೆ ಕ್ಲಿಂಚ್, ಅಂದರೆ ಕುತ್ತಿಗೆ ಹಿಡಿದು ಹತ್ತಿರದಿಂದ ಸೆಣಸುವುದು. ಕಲಿಸುವವರನ್ನು ಅಲ್ಲಿ ಕ್ರೂ ಅನ್ನುತ್ತಾರೆ, ನಮ್ಮ ಗುರು ಶಬ್ದವೇ ಅದು. ನನ್ನ ಎಡಗಾಲಿನ ಒದೆತದಲ್ಲಿ ಸೊಂಟ ತಿರುಗುತ್ತಿರಲಿಲ್ಲ. ಕ್ರೂ ಹಿಂದೆ ನಿಂತು ಸೊಂಟ ಹಿಡಿದು, ನಿಂತ ಕಾಲಿನ ಹಿಮ್ಮಡಿ ಎತ್ತಿಸಿ, ಎರಡು ವಾರ ಅದೊಂದನ್ನೇ ಮಾಡಿಸಿದರು. ಆಮೇಲೆ ಪ್ಯಾಡ್ ಮೇಲೆ ಬಿದ್ದ ಸದ್ದೇ ಬೇರೆ! ಆ ಸದ್ದು ಕೇಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಹಾಕುತ್ತಾರೆ. ಶುದ್ಧ ಸಸ್ಯಾಹಾರ ಅನ್ನಲು 'ಜೇ' ಅಂತ ಬರೆದ ಹಳದಿ ಬಾವುಟ ಇರುವ ಅಂಗಡಿ ಹುಡುಕಿ. ಅಲ್ಲಿ ಮೊಟ್ಟೆ ಹಾಗಿರಲಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಫುಕೆಟ್‌ನಲ್ಲಿ ಒಂಬತ್ತು ದಿನದ ಸಸ್ಯಾಹಾರ ಹಬ್ಬ ನಾನಿದ್ದಾಗಲೇ ಬಂತು, ಆ ದಿನಗಳಲ್ಲಿ ಊಟದ ಚಿಂತೆಯೇ ಇರಲಿಲ್ಲ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಫುಕೆಟ್‌ನಲ್ಲಿ ಮೇಯಿಂದ ಅಕ್ಟೋಬರ್‌ವರೆಗೆ ಮಳೆ. ಒದ್ದೆ ರಸ್ತೆಯಲ್ಲಿ ಸ್ಕೂಟರ್ ಓಡಿಸಲು ನನಗೆ ಭಯವೇ ಆಗುತ್ತಿತ್ತು. ಚಿಯಾಂಗ್ ಮಾಯ್‌ನ ಕಷ್ಟ ಹೊಗೆ. ಹೊಲ, ಕಾಡಿಗೆ ಬೆಂಕಿ ಹಚ್ಚುವ ಕಾಲವದು. ಫೆಬ್ರವರಿ ಕೊನೆಗೆ ಎದುರಿನ ದೋಯಿ ಸುತೇಪ್ ಬೆಟ್ಟವೇ ಮರೆಯಾಯಿತು. ಮಾರ್ಚ್‌ನಲ್ಲಿ ಅಲ್ಲಿ ಬೆಳಗಿನ ಓಟ ಬೇಡವೇ ಬೇಡ.

ವೀಸಾಕ್ಕೆ ಎರಡೂ ಊರು ಒಂದೇ. 2024ರಲ್ಲಿ ಬಂದ ಡಿಟಿವಿ, ಅಂದರೆ ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ, ಮುಯೆ ಥಾಯ್ ಕಲಿಯುವವರಿಗೂ ಸಿಗುತ್ತದೆ. ಒಮ್ಮೆ ಹೋದರೆ 180 ದಿನ ಇರಬಹುದು. ಖಾತೆಯಲ್ಲಿ 5 ಲಕ್ಷ ಬಾತ್ ತೋರಿಸಬೇಕು. ಅದು ಖರ್ಚಲ್ಲ, ಆದರೂ ಮೊದಲೇ ಕೂಡಿಡಬೇಕಲ್ವಾ?

ಒಂದೇ ತಿಂಗಳು ರಜೆ ಇದ್ದು ಮೈ ಹುರಿಗೊಳಿಸಬೇಕು ಅನ್ನುವವರು ಫುಕೆಟ್‌ಗೆ ಹೋಗಲಿ. ನಾನಂತೂ ಮುಂದಿನ ಸಲ ನವೆಂಬರ್ ಮೊದಲ ವಾರ ನೇರ ಚಿಯಾಂಗ್ ಮಾಯ್‌ಗೇ ಹೋಗುತ್ತೇನೆ.