ವರ್ಚುವಲ್ ಮೆಷಿನ್‌ಗಳಿಗೆ ‘ಬೆಳೆಯುವ ಡಿಸ್ಕ್’ ಕೊಡುವ ಮುನ್ನ ಇದನ್ನು ಓದಿ

ಮನೆಯ ಡೆಸ್ಕ್‌ಟಾಪಿನಲ್ಲಿ ಲಿನಕ್ಸ್‌ನ ಕೆವಿಎಂ ಸೌಲಭ್ಯ ಬಳಸಿ ಒಂದೆರಡು ಪುಟ್ಟ ಲಿನಕ್ಸ್ ವರ್ಚುವಲ್ ಮೆಷಿನ್‌ಗಳನ್ನು, ಅಂದರೆ ಕಂಪ್ಯೂಟರಿನೊಳಗೇ ಓಡುವ ಕಂಪ್ಯೂಟರುಗಳನ್ನು, ನಡೆಸಲು ಹೊರಟಿದ್ದೀರಾ? ಹಾಗಿದ್ದರೆ ಮೆಮೊರಿಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಆಲ್ಪೈನ್ ಲಿನಕ್ಸ್‌ನಂಥದ್ದು 256 ಎಂಬಿಯಲ್ಲೇ ನಿರಾಳವಾಗಿ ಓಡುತ್ತದೆ. ತಲೆಕೆಡಿಸಿಕೊಳ್ಳಬೇಕಾದದ್ದು ಡಿಸ್ಕಿನ ಬಗ್ಗೆ. ಇಂಥ ಮೆಷಿನ್‌ಗಳೊಳಗೆ ಇಟ್ಟಿದ್ದ ನನ್ನ ಮನೆಯ ದಾಖಲೆಗಳ ದೊಡ್ಡದೊಂದು ಭಾಗ ಹಾಳಾದದ್ದು ಅಲ್ಲೇ.

ಬಹಳ ಮಂದಿ ಓದುವ ಮಾರ್ಗದರ್ಶಿಯೊಂದು ಎರಡು ಸಲಹೆ ಕೊಟ್ಟಿತ್ತು. ಮೊದಲನೆಯದು, ಪ್ರತಿ ಮೆಷಿನ್‌ಗೂ ಕ್ಯೂಕೌ2 ರೂಪದ (ಬಳಸಿದಂತೆ ಬೆಳೆಯುವ ಒಂದು ಫೈಲ್) 100 ಜಿಬಿ ಡಿಸ್ಕ್ ಕೊಡಿ, ಬಳಸಿದಷ್ಟೇ ಜಾಗ ಹಿಡಿಯುತ್ತದೆ ಎಂದು. ಎರಡನೆಯದು, ವೇಗಕ್ಕಾಗಿ ಡಿಸ್ಕಿನ ಕ್ಯಾಷ್ (ಡಿಸ್ಕಿಗೆ ಹೋಗುವ ಮುನ್ನ ದತ್ತಾಂಶ ತಂಗುವ ಮೆಮೊರಿ) ಅನ್ನು ‘ಅನ್‌ಸೇಫ್’ ಎಂದು ಇಡಿ ಎಂದು. ಎರಡೂ ಕೆಲಸ ಮಾಡುತ್ತವೆ, ಸುಳ್ಳಲ್ಲ. ಆದರೆ ಎರಡೂ ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬ ಒಂದೇ ಒಂದು ಮಾತು ಅದರಲ್ಲಿರಲಿಲ್ಲ. ಆ ಮೌನದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನನ್ನ ಎಸ್‌ಎಸ್‌ಡಿ 240 ಜಿಬಿಯದು. ಅದರ ಮೇಲೆ ತಲಾ 100 ಜಿಬಿಯ ನಾಲ್ಕು ಮೆಷಿನ್‌ಗಳು. ಇರುವ ಒಂದೇ ನಿವೇಶನವನ್ನು ನಾಲ್ವರಿಗೆ ಬರೆದುಕೊಟ್ಟ ಹಾಗೆ. ಹೊಸ ಡಿಸ್ಕ್ ಫೈಲ್ ಹುಟ್ಟುವಾಗ ಕೆಲವು ನೂರು ಕಿಲೋಬೈಟ್ ಅಷ್ಟೇ ಇರುತ್ತದೆ. ಆಮೇಲೆ ಸದ್ದಿಲ್ಲದೆ ಉಬ್ಬುತ್ತದೆ: ಅಪ್‌ಡೇಟ್‌ಗಳು, ಲಾಗ್‌ಗಳು, ಕಂಟೇನರ್ ಇಮೇಜ್‌ಗಳು. ಮೆಷಿನ್ ಒಳಗೆ ಕುಳಿತು ಗಿಗಾಬೈಟ್‌ಗಟ್ಟಲೆ ಅಳಿಸಿದರೂ ಹೊರಗಿನ ಫೈಲ್ ತಾನಾಗಿ ಕುಗ್ಗುವುದಿಲ್ಲ. ಒಳಗೆ ಅರ್ಧಕ್ಕಿಂತ ಹೆಚ್ಚು ಖಾಲಿ ಎಂದು ತೋರುತ್ತಿದ್ದ ಡಿಸ್ಕ್, ಹೊರಗೆ ತುಂಬಿ ತುಳುಕುತ್ತಿತ್ತು. ಹಿಂದೆ ತೆಗೆದಿಟ್ಟ ಸ್ನ್ಯಾಪ್‌ಷಾಟ್‌ಗಳು, ಅಂದರೆ ಡಿಸ್ಕಿನ ಆಗಿನ ಸ್ಥಿತಿಯನ್ನು ಹಿಡಿದಿಟ್ಟ ಪ್ರತಿಗಳು, ಇದ್ದರಂತೂ ಅಳಿಸಿದ ದತ್ತಾಂಶವೂ ಅವುಗಳ ಹೆಸರಿನಲ್ಲಿ ಅಲ್ಲೇ ಉಳಿದಿರುತ್ತದೆ.

ಈ ಮೆಷಿನ್‌ಗಳನ್ನು ನಿರ್ವಹಿಸುವ ಲಿಬ್‌ವರ್ಟ್ ತಂತ್ರಾಂಶ ಈ ಫೈಲ್‌ಗಳನ್ನು ಸಾಮಾನ್ಯವಾಗಿ ಇಡುವುದು ‘ವಾರ್’ ಫೋಲ್ಡರಿನ ಅಡಿಯಲ್ಲಿ. ಮನೆಯ ಕಂಪ್ಯೂಟರುಗಳಲ್ಲಿ ಅದು ಬಹುಪಾಲು ಡೆಸ್ಕ್‌ಟಾಪಿನ ಸಿಸ್ಟಂ ಫೈಲ್‌ಗಳಿರುವ ರೂಟ್ ಪಾರ್ಟಿಷನ್‌ನಲ್ಲೇ ಇರುತ್ತದೆ. ಹಾಗಾಗಿ ಜಾಗ ಮುಗಿದಾಗ ವರ್ಚುವಲ್ ಮೆಷಿನ್‌ಗಳಷ್ಟೇ ನಿಲ್ಲಲಿಲ್ಲ, ಇಡೀ ಡೆಸ್ಕ್‌ಟಾಪೇ ಕೈಕೊಟ್ಟಿತು. ಪಾಸ್‌ವರ್ಡ್ ಕೊಟ್ಟರೆ ಪರದೆ ಕ್ಷಣಕಾಲ ಕಪ್ಪಾಗಿ, ಮತ್ತೆ ಅದೇ ಲಾಗಿನ್ ಪುಟಕ್ಕೆ ಮರಳುತ್ತಿತ್ತು. ಮನೆಯಲ್ಲಿ ಕಂಪ್ಯೂಟರ್ ಹೀಗೆ ಹಟ ಹಿಡಿದರೆ ಮುಂದೆ ಕುಳಿತವರು ಏನು ಮಾಡುತ್ತಾರೆ? ಪವರ್ ಬಟನ್ ಒತ್ತಿ ಹಿಡಿಯುತ್ತಾರೆ. ನಮ್ಮ ಮನೆಯಲ್ಲೂ ಅದೇ ಆಯಿತು, ಅದರಲ್ಲಿ ಯಾರ ತಪ್ಪೂ ಇಲ್ಲ.

ವಾಸ್ತವದಲ್ಲಿ ಆ ಹೊತ್ತಿನವರೆಗೂ ದತ್ತಾಂಶ ಸುರಕ್ಷಿತವಾಗಿತ್ತು. ಜಾಗ ಮುಗಿದರೆ, ಮೆಷಿನ್‌ಗಳನ್ನು ಓಡಿಸುವ ಕ್ಯೂಎಮು ತಂತ್ರಾಂಶ ಮೆಷಿನ್ ಅನ್ನು ಕೆಡಿಸುವುದಿಲ್ಲ, ಇದ್ದಲ್ಲೇ ತಡೆದು ನಿಲ್ಲಿಸುತ್ತದೆ. ಜಾಗ ಮಾಡಿಕೊಟ್ಟರೆ ಅಲ್ಲಿಂದಲೇ ಮುಂದುವರಿಯುತ್ತದೆ. ಹಾಳು ಮಾಡಿದ್ದು ಆ ‘ಅನ್‌ಸೇಫ್’. ಮೆಷಿನ್ ಒಳಗಿನ ಫೈಲ್ ವ್ಯವಸ್ಥೆ ‘ಇದನ್ನು ಈಗಲೇ ಡಿಸ್ಕಿಗೆ ಬರೆ’ ಎಂದು ಕೊಡುವ ಆದೇಶಕ್ಕೆ, ಬರೆಯದೆಯೇ ‘ಆಯಿತು’ ಎಂದು ಉತ್ತರ ಹೋಗುತ್ತದೆ. ಬರೆದಾಯಿತು ಎಂದು ನಂಬಿದ್ದರಲ್ಲಿ ಒಂದಷ್ಟು ಡೆಸ್ಕ್‌ಟಾಪಿನ ಮೆಮೊರಿಯಲ್ಲೇ ಇತ್ತು. ಬಟನ್ ಒತ್ತಿದೊಡನೆ ಹೋಯಿತು. ಮೆಷಿನ್ ಒಳಗಿನ ಫೈಲ್ ವ್ಯವಸ್ಥೆಯಾದ ಎಕ್ಸ್ಟ್4ನ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಟ್ಟುಕೊಳ್ಳುವ ಪಟ್ಟಿ) ಕೂಡ ಆ ಆದೇಶವನ್ನೇ ನಂಬಿರುವುದರಿಂದ ಅದೂ ಕಾಪಾಡಲಿಲ್ಲ. ದುರಸ್ತಿ ಮುಗಿದ ಮೇಲೆ ‘ಲಾಸ್ಟ್ ಅಂಡ್ ಫೌಂಡ್’ ಫೋಲ್ಡರಿನಲ್ಲಿ ಸಿಕ್ಕಿದ್ದು ಹೆಸರಿಲ್ಲದ, ಬರೀ ಸಂಖ್ಯೆ ಹೊತ್ತ ಫೈಲ್‌ಗಳ ರಾಶಿ. ಒಂದೊಂದನ್ನೂ ತೆರೆದು ಇದು ಯಾವ ಪತ್ರ, ಯಾರ ಪ್ರಮಾಣಪತ್ರ ಎಂದು ಗುರುತಿಸಬೇಕಾಯಿತು. ಅನೇಕವು ತೆರೆಯಲೇ ಇಲ್ಲ. ಸ್ನ್ಯಾಪ್‌ಷಾಟ್ ಅದೇ ಫೈಲಿನೊಳಗೆ ಇದ್ದದ್ದರಿಂದ ಅದೂ ಜೊತೆಗೇ ಕೆಟ್ಟಿತು. ಬ್ಯಾಕಪ್ ಎಂದರೆ ಬೇರೆ ಡಿಸ್ಕಿನಲ್ಲಿರುವ ಪ್ರತಿ ಮಾತ್ರ.

ನಿಮಗೂ ಇಂಥದೇ ಸ್ಥಿತಿ ಬಂದರೆ ಪವರ್ ಬಟನ್ ಮುಟ್ಟಬೇಡಿ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಪಠ್ಯ ರೂಪದ ಲಾಗಿನ್ ಸಿಗುತ್ತದೆ. ಅಲ್ಲಿಂದ ಪ್ಯಾಕೇಜ್ ಕ್ಯಾಷ್, ಹಳೆಯ ಲಾಗ್‌ಗಳನ್ನು ಅಳಿಸಿ ಜಾಗ ಮಾಡಿ, ಲಿಬ್‌ವರ್ಟ್‌ನ ‘ವಿರ್ಶ್’ ಆದೇಶದ ಮೂಲಕ ಮೆಷಿನ್ ಅನ್ನು ಮುಂದುವರಿಸಿ. ಅದು ತಡೆದು ನಿಂತಿರುವಾಗ ಡಿಸ್ಕ್ ಫೈಲನ್ನು ದುರಸ್ತಿ ಮಾಡಲು ಹೋಗಬೇಡಿ, ಫೈಲ್ ಇನ್ನೂ ಬಳಕೆಯಲ್ಲೇ ಇರುತ್ತದೆ.

ಇನ್ನೂ ತೊಂದರೆ ಬಂದಿಲ್ಲದವರು, ಎಲ್ಲ ಮೆಷಿನ್‌ಗಳಿಗೆ ಬರೆದುಕೊಟ್ಟ ಗಾತ್ರದ ಮೊತ್ತ ನಿಜವಾಗಿ ಇರುವ ಜಾಗವನ್ನು ಮೀರದಂತೆ ನೋಡಿಕೊಳ್ಳಿ. ಪುಟ್ಟ ಮೆಷಿನ್‌ಗೆ 8 ಅಥವಾ 10 ಜಿಬಿ ಬೇಕಾದಷ್ಟಾಯಿತು; ಕಡಿಮೆ ಬಿದ್ದರೆ ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಪ್ರಾಣಸಂಕಟ. ಡಿಸ್ಕ್ ಫೈಲ್‌ಗಳನ್ನು ರೂಟ್ ಬಿಟ್ಟು ಬೇರೆ ಪಾರ್ಟಿಷನ್‌ನಲ್ಲಿಡಿ. ಮೆಷಿನ್‌ನ ಸೆಟ್ಟಿಂಗ್‌ಗಳಲ್ಲಿ ಡಿಸ್ಕಿನ ವಿವರದಲ್ಲಿ ‘ಡಿಸ್ಕಾರ್ಡ್’ ಅನ್ನು ‘ಅನ್‌ಮ್ಯಾಪ್’ ಎಂದು ಮಾಡಿ, ಮೆಷಿನ್ ಒಳಗೆ ಆಗಾಗ ಎಫ್‌ಎಸ್‌ಟ್ರಿಮ್ (ಖಾಲಿಯಾದ ಜಾಗವನ್ನು ಡಿಸ್ಕಿಗೆ ತಿಳಿಸುವ ಆದೇಶ) ಓಡುವಂತೆ ಮಾಡಿದರೆ ಅಳಿಸಿದ ಜಾಗ ಹೊರಗೂ ಮರಳುತ್ತದೆ. ‘ಅನ್‌ಸೇಫ್’ ಎಂಬುದು ಕಂಡರೆ ಇಂದೇ ತೆಗೆದುಹಾಕಿ. ಆಗ ಕ್ಯೂಎಮು ಆ ಬರೆಯುವ ಆದೇಶಗಳನ್ನು ಪಾಲಿಸುತ್ತದೆ. ಈ ಬದಲಾವಣೆಗಳು ಜಾರಿಗೆ ಬರಲು ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು, ಮೆಷಿನ್ ಅನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಬೇಕು.